ಕೆಂಪು ಕಾರಿನ ಬ್ಯಾಟರಿ, ಮುನಿಕೃಷ್ಣನ ಗುರುವಾರ

ದೇವನಹಳ್ಳಿಯ ಹಳೇ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಡಿಸೆಂಬರಿನ ಮಂಜು ಇನ್ನೂ ಕರಗಿಲ್ಲ. ಟೀ ಅಂಗಡಿಯವನು ಒಲೆ ಹೊತ್ತಿಸುವ ಮೊದಲೇ ಇಲ್ಲೊಂದು ಷಟರ್ ಅರ್ಧ ಮೇಲೆದ್ದಿದೆ. ಒಳಗಿನಿಂದ ಗುಳುಗುಳು ಸದ್ದು ಬರುತ್ತಿದೆ. ರಾತ್ರಿಯಿಡೀ ಚಾರ್ಜಿಗೆ ಇಟ್ಟ ಬ್ಯಾಟರಿಗಳು ಹಲಗೆಯ ಮೇಲೆ ಸಾಲಾಗಿ ಕೂತು ಗುಳ್ಳೆ ಬಿಡುತ್ತಿವೆ. ಅವುಗಳ ಮುಂದೆ ಸ್ಟೂಲಿನ ಮೇಲೆ, ತೊಡೆಗೆ ಕಂಬಳಿಯ ತುಂಡು ಹಾಸಿಕೊಂಡು, ಕಿವಿಯನ್ನು ಒಂದೊಂದೇ ಬ್ಯಾಟರಿಯ ಹತ್ತಿರ ಒಯ್ದು ಆಲಿಸುತ್ತಿರುವವರು ಮುನಿಕೃಷ್ಣ. ಹೊಸಬರು ನೋಡಿದರೆ, ಈ ಮನುಷ್ಯ ಬ್ಯಾಟರಿಗಳ ಹತ್ತಿರ ಗುಟ್ಟು ಕೇಳುತ್ತಿದ್ದಾನೆ ಅಂದುಕೊಳ್ಳಬೇಕು.

"ಗುಳ್ಳೆ ಒಂದೇ ಸಮ ಬರ್ಬೇಕು ಸಾರ್. ಒಂದು ಮನೇಲಿ ಗುಳ್ಳೆ ಕಮ್ಮಿ ಆದ್ರೆ ಆ ಮನೆ ಸತ್ತೋಗೈತೆ ಅಂತ," ಎನ್ನುತ್ತಾರೆ. ಬ್ಯಾಟರಿಯೊಳಗಿನ ಒಂದೊಂದು ಖಾನೆಯನ್ನೂ ಅವರು ಮನೆ ಎಂದೇ ಕರೆಯುವುದು.

ಕಂಬಳಿಯ ತುಂಡಿಗೆ ಕಾರಣವಿದೆ. ಹತ್ತಿಬಟ್ಟೆಯನ್ನು ಆಸಿಡ್ ತಿಂದು ಮುಗಿಸುತ್ತದೆ, ಕುರಿಯ ಉಣ್ಣೆಯನ್ನು ಅಷ್ಟು ಬೇಗ ತಿನ್ನಲಾರದು. ಆದರೂ ಅವರ ಅಂಗಿಯ ಮುಂಭಾಗ, ತೋಳು, ಪಂಚೆಯ ಅಂಚು ಎಲ್ಲ ಕಡೆ ಸಣ್ಣ ಸಣ್ಣ ತೂತುಗಳಿವೆ. ತೂತಿನ ಸುತ್ತ ಸುಟ್ಟಂಥ ಕಂದು ಬಣ್ಣ. ಐವತ್ತಮೂರರ ಈ ಮನುಷ್ಯನ ಹತ್ತಿರ ಪೂರ್ತಿ ಬಟ್ಟೆ ಅಂತ ಇರುವುದು ಒಂದೇ ಒಂದು ಜೊತೆ, ಅದನ್ನು ಟ್ರಂಕಿನಲ್ಲಿ ಮಡಿಸಿಟ್ಟು ಬೀಗ ಹಾಕಿದ್ದಾರೆ.

ಇವತ್ತು ಗುರುವಾರ. ಗುರುವಾರ ಬೆಳಿಗ್ಗೆ ಎದ್ದ ಕೂಡಲೇ ಬ್ಯಾಟರಿ ನೀರಿನ ಬಾಟಲಿ ತುಂಬಿಕೊಂಡು, ಸೈಕಲ್ಲು ಹತ್ತಿ ನಲ್ಲೂರಿನ ಕಡೆ ಹೊರಡುವುದು ಅವರ ಒಂಬತ್ತು ವರ್ಷದ ಪರಿಪಾಠ. ಇವತ್ತು ಬಾಟಲಿ ಗೂಡಿನಲ್ಲೇ ಇದೆ. ಅದರ ಬದಲು ಸೈಕಲ್ಲಿನ ಕ್ಯಾರಿಯರಿನ ಮೇಲೆ ಒಂದು ರಟ್ಟಿನ ಡಬ್ಬ ಏರಿ ಕೂತಿದೆ. ಬೆಂಗಳೂರಿಗೆ ಈಗೀಗ ಬಂದಿರುವ, ಎಲ್ಲ ಕಡೆ ಮುಚ್ಚಿ ಸೀಲು ಮಾಡಿದ ಹೊಸ ನಮೂನೆಯ ಬ್ಯಾಟರಿ.

"ಇದಕ್ಕೆ ಮುಚ್ಚಳಾನೇ ಇಲ್ಲ ನೋಡಿ. ನೀರು ಹಾಕಂಗಿಲ್ಲ, ಆಸಿಡ್ ನೋಡಂಗಿಲ್ಲ. ಇದನ್ನ ಕೂರಿಸ್ಬಿಟ್ರೆ ಆ ಕಾರಿಗೆ ನೀರೂ ಬೇಡ, ನಾನೂ ಬೇಡ," ಎಂದು ನಗುತ್ತಾರೆ. ಹಗ್ಗವನ್ನು ಇನ್ನೊಂದು ಸುತ್ತು ಬಿಗಿಯುತ್ತಾರೆ. ನಗು ಅಷ್ಟರಲ್ಲಿ ಹೋಗಿರುತ್ತದೆ.

ಇದನ್ನು ಆರಿಸಿದವರು ಯಾರು ಎಂದು ಕೇಳಿದರೆ, "ಇನ್ಯಾರು, ನಾನೇ," ಎನ್ನುತ್ತಾರೆ.

ಮುನಿಕೃಷ್ಣ ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲಿನವರು. ರಾಗಿ ಬೆಳೆಯುವ ಒಕ್ಕಲು ಮನೆತನ. ಅಣ್ಣ ಗೋಪಾಲಪ್ಪ ಇವತ್ತಿಗೂ ಅಲ್ಲೇ ಉಳುತ್ತಾರೆ. ತಮ್ಮನಿಗೆ ಮಾತ್ರ ನೇಗಿಲಿಗಿಂತ ಊರಿಗೆ ಬಂದ ಮೊದಲ ಟ್ರ್ಯಾಕ್ಟರಿನ ಮೇಲೆ ಕಣ್ಣು. ಅದರ ಎಂಜಿನ್ನಿನ ಮೇಲೂ ಅಲ್ಲ, ಸೀಟಿನ ಕೆಳಗೆ ಯಾರ ಕಣ್ಣಿಗೂ ಬೀಳದೆ ಕೂತಿದ್ದ ಕಪ್ಪು ಪೆಟ್ಟಿಗೆಯ ಮೇಲೆ. ಅದೊಂದು ಕೈಕೊಟ್ಟ ದಿನ ಅಷ್ಟು ದೊಡ್ಡ ಯಂತ್ರ ಕೆಮ್ಮಲೂ ಆಗದೆ ನಿಂತಿದ್ದನ್ನು ಹುಡುಗ ನೋಡಿದ್ದ. ಮೀಸೆ ಚಿಗುರುವ ಮೊದಲೇ ಬೆಂಗಳೂರಿನ ಕಲಾಸಿಪಾಳ್ಯಕ್ಕೆ ಹೋಗಿ ಒಬ್ಬ ಸಾಹೇಬರ ಬ್ಯಾಟರಿ ಅಂಗಡಿ ಸೇರಿದ. ಸೀಸ ಕರಗಿಸಿ ಅಚ್ಚು ಹೊಯ್ಯುವುದು, ಪ್ಲೇಟು ಜೋಡಿಸುವುದು, ಡಾಂಬರು ಕಾಯಿಸಿ ಮೇಲೆ ಸೀಲು ಹಾಕುವುದು, ಎಲ್ಲ ಅಲ್ಲಿ ಕಲಿತದ್ದು. ಆಮೇಲೆ ದೇವನಹಳ್ಳಿಗೆ ಬಂದು ಈ ಅಂಗಡಿ ತೆರೆದರು.

ಒಂದು ಕಾಲಕ್ಕೆ ಅಂಗಡಿಯ ಮುಂದೆ ಲಾರಿ, ಮೆಟಡೋರು, ದ್ರಾಕ್ಷಿ ತೋಟದವರ ಜೀಪು ಸಾಲುಗಟ್ಟಿ ನಿಲ್ಲುತ್ತಿದ್ದವು. ದಿನಕ್ಕೆ ಎಂಟು ಹತ್ತು ಬ್ಯಾಟರಿ ಕೈದಾಟುತ್ತಿತ್ತು. ಈಗ ಎರಡು ಬಂದರೆ ಆ ದಿನ ಹಬ್ಬ. ಹಳೆಯದು ಸತ್ತರೆ ಜನ ಹೊಸದನ್ನೇ ತಂದು ಹಾಕಿಕೊಳ್ಳುತ್ತಾರೆ, ಬಿಚ್ಚಿ ಒಳಗಿನ ಪ್ಲೇಟು ಬದಲಿಸಿ ಮತ್ತೆ ಜೀವ ಕೊಡಿ ಎಂದು ಹೇಳುವವರು ಕಡಿಮೆಯಾಗಿದ್ದಾರೆ. ಮುನಿಕೃಷ್ಣ ಇದಕ್ಕೆ ಯಾರನ್ನೂ ಬೈಯುವುದಿಲ್ಲ. ಒಂದು ಮಾತು ಮಾತ್ರ ಹೇಳುತ್ತಾರೆ: "ಕೆಲ್ಸ ಕಮ್ಮಿ ಆಗಿದ್ದಕ್ಕೆ ಬೇಜಾರಿಲ್ಲ. ಮಾತು ಕಮ್ಮಿ ಆಗೋಯ್ತು ಸಾರ್. ಮುಂಚೆ ಬ್ಯಾಟ್ರಿ ಚಾರ್ಜ್ ಆಗೋಗಂಟ ಜನ ಇಲ್ಲೇ ಕುಂತ್ಕೊಂಡು ಮಾತಾಡೋರು."

ಆಸಿಡ್ ಬಟ್ಟೆಯನ್ನಷ್ಟೇ ತಿನ್ನುವುದಿಲ್ಲ, ಮನುಷ್ಯನ ಪಕ್ಕದ ಜಾಗವನ್ನೂ ತಿನ್ನುತ್ತದೆ. ಬಸ್ಸಿನಲ್ಲಿ ಮುನಿಕೃಷ್ಣನ ಪಕ್ಕದ ಸೀಟು ಖಾಲಿ ಇದ್ದರೂ ಜನ ನಿಂತೇ ಹೋಗುತ್ತಾರೆ. ರೇಷ್ಮೆ ಸೀರೆಯ ಹೆಂಗಸರು ಸೆರಗು ಎಳೆದುಕೊಂಡು ಆಚೆ ಸರಿಯುತ್ತಾರೆ. ಮದುವೆಯ ಊಟದಲ್ಲಿ ಪಂಕ್ತಿಯ ಕೊನೆಯ ಎಲೆ ಅವರದು. ಯಾರೂ ಅಲ್ಲಿ ಕೂರು ಎಂದು ಹೇಳಿದ್ದಲ್ಲ, ತಾವೇ ಹೋಗಿ ಕೂರುತ್ತಾರೆ. ಸಾಸಲಿನಲ್ಲಿ ಅತ್ತಿಗೆ ಅವರ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಾರೆ, ಒಟ್ಟಿಗೆ ಹಾಕಿದರೆ ಮನೆಮಂದಿಯ ಬಟ್ಟೆಗೆಲ್ಲ ತೂತು ಬೀಳುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ತಪ್ಪಿಲ್ಲದ ಕಡೆ ಜಗಳ ಆಡುವುದು ಹೇಗೆ? ಅದೇ ಕಷ್ಟ.

ಹೆಂಡತಿ ತೀರಿಕೊಂಡು ಬಹಳ ವರ್ಷಗಳಾದವು. ಮಗಳು ಭಾಗ್ಯಮ್ಮ ಹೊಸಕೋಟೆಯಲ್ಲಿದ್ದಾಳೆ, ಅಳಿಯನಿಗೆ ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಕೆಲಸ. ಮಗಳ ಮನೆಗೆ ಹೋದಾಗ ಮುನಿಕೃಷ್ಣ ಟ್ರಂಕಿನ ಬಟ್ಟೆ ಹಾಕಿಕೊಂಡೇ ಹೋಗುತ್ತಾರೆ. ಆದರೂ ಕೂರುವ ಮುಂಚೆ, "ಒಂದು ಗೋಣಿಚೀಲ ಇದ್ರೆ ಹಾಸಮ್ಮ," ಎಂದು ಕೇಳುತ್ತಾರೆ. ಭಾಗ್ಯ ಬೇಡ ಅಂದರೂ ಬಿಡುವುದಿಲ್ಲ. ಮೂರು ವರ್ಷದ ಮೊಮ್ಮಗಳು ಕೀರ್ತನ ತಾತಾ ಎಂದು ಓಡಿ ಬಂದರೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾರೆ.

"ಸೋಪು ಹಾಕಿ ತೊಳ್ದಿರ್ತೀನಿ. ಆದ್ರೂ ಉಗುರು ಸಂದೀಲಿ ಎಲ್ಲಿ ಉಳ್ಕೊಂಡೈತೋ ಏನೋ. ಮಗೀನ ಚರ್ಮ ಸಾರ್," ಎನ್ನುತ್ತಾರೆ. ಮೊಮ್ಮಗಳನ್ನು ಇಲ್ಲಿಯವರೆಗೆ ಎತ್ತಿಕೊಂಡಿಲ್ಲ.

ಸೈಕಲ್ಲು ನಲ್ಲೂರಿನ ರಸ್ತೆ ಹಿಡಿಯುವಾಗ ಬೆಳಕು ಹರಿದಿರುತ್ತದೆ. ಹುಣಸೆ ತೋಪು ದಾಟಿ ಸ್ವಲ್ಪ ದೂರ ಹೋದರೆ ದ್ರಾಕ್ಷಿ ತೋಟದ ನಡುವೆ ಒಂದು ಹೆಂಚಿನ ಮನೆ, ಪಕ್ಕದಲ್ಲಿ ಒಂದು ಷೆಡ್ಡು. ಷೆಡ್ಡಿನೊಳಗೆ ಕೆಂಪು ಕಾರು. ಇಂಗ್ಲೆಂಡಿನಲ್ಲಿ ತಯಾರಾದದ್ದು, ಎರಡೇ ಸೀಟು, ಮೇಲೆ ತಗಡಿನ ಚಾವಣಿಯಿಲ್ಲ, ನೆಲಕ್ಕೆ ಅಂಟಿಕೊಂಡಷ್ಟು ತಗ್ಗು. ವೇಗಕ್ಕಾಗಿಯೇ ಮಾಡಿದ ಗಾಡಿ. ಬೆಂಗಳೂರಿನ ದಂಡು ಪ್ರದೇಶದಲ್ಲಿದ್ದ ಒಬ್ಬ ಇಂಗ್ಲಿಷಿನವನು ಅರವತ್ತರ ದಶಕದಲ್ಲಿ ಊರು ಬಿಡುವಾಗ, ದ್ರಾಕ್ಷಿ ಬೆಳೆಗಾರ ಆದಿನಾರಾಯಣಪ್ಪ ಅದನ್ನು ಕೊಂಡಿದ್ದರು. ಆದಿನಾರಾಯಣಪ್ಪನವರು ಈಗಿಲ್ಲ. ಮನೆ, ತೋಟ, ಕಾರು ಮೂರೂ ಮಗಳು ಶಾಮಲಾ ಅವರ ಕೈಗೆ ಬಂದಿವೆ. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಪಾಠ ಹೇಳುವ ನಲವತ್ತರ ಹೆಂಗಸು, ಮಾತು ಚುರುಕು, ನಡಿಗೆ ಅದಕ್ಕಿಂತ ಚುರುಕು.

ಈ ಕಾರಿಗೂ ಮುನಿಕೃಷ್ಣನಿಗೂ ಗಂಟು ಬಿದ್ದದ್ದು ಎಂಬತ್ತೊಂಬತ್ತರಲ್ಲಿ. ಅದರ ಬ್ಯಾಟರಿ ಬಾನೆಟ್ಟಿನ ಕೆಳಗಿಲ್ಲ. ಸೀಟುಗಳ ಬೆನ್ನಹಿಂದೆ, ಹಲಗೆಯ ಕೆಳಗೆ, ಎಡಕ್ಕೊಂದು ಬಲಕ್ಕೊಂದು ಪೆಟ್ಟಿಗೆ. ಒಂದೊಂದರಲ್ಲೂ ಆರಾರು ವೋಲ್ಟಿನ ಬ್ಯಾಟರಿ, ಎರಡೂ ಸೇರಿದರೆ ಹನ್ನೆರಡು. ಆ ಅಳತೆಯದು ಅಂಗಡಿಗಳಲ್ಲಿ ಸಿಗುವುದು ನಿಂತುಹೋಗಿತ್ತು. ಇನ್ನೊಂದು ತರಲೆಯೆಂದರೆ, ನಮ್ಮ ಕಡೆ ಓಡಾಡುವ ಗಾಡಿಗಳಲ್ಲಿ ಮೈನಸ್ ವಯರನ್ನು ಗಾಡಿಯ ಮೈಗೆ ಕಟ್ಟಿರುತ್ತಾರೆ, ಈ ಕಾರಿನಲ್ಲಿ ಪ್ಲಸ್ಸನ್ನು ಮೈಗೆ ಕಟ್ಟಬೇಕು. ಯಾವುದೋ ಗ್ಯಾರೇಜಿನವರು ಅಭ್ಯಾಸಬಲದಿಂದ ಉಲ್ಟಾ ಕಟ್ಟಿ ಒಳಗಿನ ಸಾಮಾನು ಸುಟ್ಟಿದ್ದರು. ಮುನಿಕೃಷ್ಣ ಕಲಾಸಿಪಾಳ್ಯದಲ್ಲಿ ಇಂಥ ಹಳೇ ಗಾಡಿ ಕಂಡಿದ್ದವರು. ಸೀಸ ಕಾಯಿಸಿ, ಪ್ಲೇಟು ಜೋಡಿಸಿ, ಆ ಪೆಟ್ಟಿಗೆಗಳ ಅಳತೆಗೇ ಎರಡು ಬ್ಯಾಟರಿ ಕೈಯಾರೆ ಮಾಡಿ ಕೂರಿಸಿದರು. ಆ ದಿನ ಎಂಜಿನ್ನು ಹತ್ತಿಕೊಂಡಾಗ ಆದಿನಾರಾಯಣಪ್ಪ ಕಾರಿನಿಂದ ಇಳಿದು ಬಂದು ಅವರ ಕೈ ಹಿಡಿದು ಕುಲುಕಿದರಂತೆ. "ಆಸಿಡ್ಡಿನ ಕೈ ಬುದ್ಧಿ, ಮುಟ್ಟಬೇಡಿ," ಅಂದರೂ ಬಿಡಲಿಲ್ಲವಂತೆ. ಇದನ್ನು ಹೇಳುವಾಗ ಮುನಿಕೃಷ್ಣ ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಳ್ಳುತ್ತಾರೆ.

ಕೈಯಲ್ಲಿ ಮಾಡಿದ ಬ್ಯಾಟರಿಗೆ ಕೈಯ ಆರೈಕೆ ಬೇಕು. ಕಾರು ಹೆಚ್ಚು ಓಡುವುದಿಲ್ಲ, ನಿಂತಲ್ಲೇ ಶಕ್ತಿ ಸೋರುತ್ತದೆ. ವಾರಕ್ಕೊಮ್ಮೆ ನೀರು ನೋಡಬೇಕು, ಎಂಜಿನ್ನು ಸ್ವಲ್ಪ ಹೊತ್ತು ಓಡಿಸಬೇಕು. ಹೀಗೆ ಶುರುವಾದದ್ದು ಗುರುವಾರ. ಯಜಮಾನರು ಹೋದ ಮೇಲೂ ಶಾಮಲಾ, "ಅಪ್ಪ ಇದ್ದಾಗ ಹೇಗೋ ಹಾಗೇ ಬನ್ನಿ ಕೃಷ್ಣಣ್ಣ," ಅಂದಿದ್ದರು.

ಆದರೆ ಗುರುವಾರ ಎಂದರೆ ಕಾರಷ್ಟೇ ಅಲ್ಲ. ಆ ಮನೆಯಲ್ಲಿ ಅಡುಗೆ, ದನದ ಕೊಟ್ಟಿಗೆ ನೋಡಿಕೊಳ್ಳುವ ಪಾಪಕ್ಕ ಇದ್ದಾರೆ. ಅರವತ್ತು ದಾಟಿದ ಹೆಂಗಸು, ಎದುರಿಗೆ ಯಾರಿದ್ದರೂ ಮುಲಾಜಿಲ್ಲದ ಬಾಯಿ. ಮೊದಲ ಸಲ ಮುನಿಕೃಷ್ಣ ಜಗಲಿಯ ಕೆಳಗೆ ನೆಲದ ಮೇಲೆ ಕೂರಲು ಹೋದಾಗ ಪಾಪಕ್ಕ ಒಳಗಿನಿಂದ ಮರದ ಕುರ್ಚಿ ತಂದು ಹಾಕಿದರು.

"ಅದೇನ್ ನೆಲದ್ ಮೇಲೆ ಕುಂತ್ಕೊತೀಯ. ಮರಕ್ಕೆ ನಿನ್ನ ಆಸಿಡ್ ಏನ್ ಮಾಡ್ತದೆ, ಕುಂತ್ಕೊ ಮೇಲೆ," ಅಂದಿದ್ದರು.

ಅಂದಿನಿಂದ ಆ ಕುರ್ಚಿ ಮುನಿಕೃಷ್ಣನದೇ. ಕಾಫಿ, ಒಂದು ರೊಟ್ಟಿ, ಊರಿನ ಸುದ್ದಿ. ಯಾರ ಮನೆ ಹಸು ಕರು ಹಾಕಿತು, ಯಾರ ಸೊಸೆ ತವರಿಗೆ ಹೋದಳು, ತರಕಾರಿಗೆ ಏನು ಬೆಲೆ. ವಾರದ ಉಳಿದ ದಿನ "ಎಷ್ಟೊತ್ತಾಗುತ್ತೆ" ಎಂಬ ಒಂದು ಪ್ರಶ್ನೆ ಬಿಟ್ಟರೆ ಬೇರೆ ಮಾತು ಕಿವಿಗೆ ಬೀಳದ ಮನುಷ್ಯನಿಗೆ ಇದು ಎಷ್ಟು ದೊಡ್ಡದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಪಾಪಕ್ಕನಿಂದ ಮುನಿಕೃಷ್ಣನಿಗೆ ಕಾಫಿಯ ಜೊತೆ ಇನ್ನೊಂದೂ ಸಿಗುತ್ತಿತ್ತು. ಆಯುಧಪೂಜೆಗೆ ಪಾಪಕ್ಕ ಕಾರನ್ನು ತೊಳೆಸಿ, ಬ್ಯಾಟರಿಗಳ ಮೇಲೂ ಕುಂಕುಮದ ಬೊಟ್ಟು ಇಡುತ್ತಿದ್ದರು. ಅಂಗಡಿಯ ಕುಂಕುಮವಲ್ಲ, ಅರಿಶಿನಕ್ಕೆ ಸುಣ್ಣ ಕಲಸಿ ನೆರಳಲ್ಲಿ ಒಣಗಿಸಿದ ಮನೆಯ ಕುಂಕುಮ. ಒಂದು ಸಲ ಆ ಬೊಟ್ಟು ಹಳದಿಗೆ ತಿರುಗಿದ್ದನ್ನು ಮುನಿಕೃಷ್ಣ ಕಂಡರು. ಹುಡುಕಿದರೆ, ಅಲ್ಲಿ ಡಾಂಬರಿನ ಸೀಲು ಕೂದಲೆಳೆಯಷ್ಟು ಬಿರುಕು ಬಿಟ್ಟು ಆಸಿಡ್ ಒಸರುತ್ತಿತ್ತು. ಆರತಿಯ ಕೆಂಪು ನೀರಿಗೆ ನಿಂಬೆರಸ ಬಿದ್ದರೆ ಮತ್ತೆ ಅರಿಶಿನದ ಬಣ್ಣಕ್ಕೆ ಬರುವುದನ್ನು ಮನೆಯ ಹೆಂಗಸರೆಲ್ಲ ಕಂಡಿರುತ್ತಾರೆ. ಹುಳಿ ತಾಗಿದರೆ ಕೆಂಪು ನಿಲ್ಲುವುದಿಲ್ಲ, ಆಸಿಡ್ಡಾದರೂ ಅಷ್ಟೇ. ಆವತ್ತಿನಿಂದ ಮುನಿಕೃಷ್ಣ ಸೀಲು ಹಾಕಿದ ಕಡೆಯಲ್ಲೆಲ್ಲ ಪಾಪಕ್ಕನ ಕೈಯಲ್ಲಿ ಬೊಟ್ಟು ಇಡಿಸುವುದನ್ನು ರೂಢಿ ಮಾಡಿಕೊಂಡರು. ಕೆಂಪಿದ್ದರೆ ಕ್ಷೇಮ. ಹಳದಿಯಾದರೆ ಬ್ಯಾಟರಿ ಮೇಲೆತ್ತಿ ನೋಡು. ವರ್ಷಗಟ್ಟಲೆ ಇದು ಕೈಕೊಡಲಿಲ್ಲ.

ಕೈಕೊಟ್ಟದ್ದು ಈ ಸಲದ ಆಯುಧಪೂಜೆಯಲ್ಲಿ. ಪಾಪಕ್ಕನ ಭರಣಿ ಖಾಲಿಯಾಗಿತ್ತು, ಹೊಸದು ಒಣಗಿರಲಿಲ್ಲ. ಹಬ್ಬ ಕಾಯುತ್ತದೆಯೇ? ವಿಜಯಪುರದ ಸಂತೆಯಲ್ಲಿ ಪೊಟ್ಟಣದ ಕುಂಕುಮ ತಂದು ಇಟ್ಟರು. ಬಣ್ಣದ ಪುಡಿ ಅದು, ಏನು ಬಿದ್ದರೂ ಕೆಂಪಾಗಿಯೇ ಇರುವಂಥದ್ದು. ಪಾಪಕ್ಕನಿಗೆ ಇದು ಹೇಳಬೇಕಾದ ವಿಷಯ ಅನ್ನಿಸಲಿಲ್ಲ. ಮುನಿಕೃಷ್ಣನಿಗೆ ಕೇಳಬೇಕು ಅನ್ನಿಸಲಿಲ್ಲ. ಗುರುವಾರ ಬಂದರು, ಟಾರ್ಚು ಬಿಟ್ಟು ನೋಡಿದರು, ಬೊಟ್ಟು ಕೆಂಪಗಿತ್ತು, ನೀರು ಹಾಕಿ ಮುಚ್ಚಿದರು. ಮುಂದಿನ ಗುರುವಾರವೂ ಕೆಂಪಗಿತ್ತು. ಅದರ ಮುಂದಿನದೂ.

ಕಾರ್ತೀಕದ ಕೊನೆಯಲ್ಲಿ ಒಂದು ದಿನ ಶಾಮಲಾ ಕಾರಿನಲ್ಲಿ ಕೂತು ತೋಟದ ಸುತ್ತ ಒಂದು ಸುತ್ತು ಹಾಕಿ ಬಂದರು. ಇಳಿದಾಗ ಸೀರೆಯ ಸೆರಗಿನ ತುದಿಯಲ್ಲಿ ನಾಲ್ಕೈದು ತೂತು, ಸುತ್ತ ಕಂದು ಬಣ್ಣ. ಸೀಟಿನ ಬೆನ್ನಿಗೆ ತಾಗಿದ ಹಲಗೆ ಕೈಯಿಟ್ಟರೆ ಪುಡಿಯಾಗುತ್ತಿತ್ತು. ಬಲಗಡೆಯ ಬ್ಯಾಟರಿಯ ಕೆಳಗಿನ ತಗಡನ್ನು ಆಸಿಡ್ ತಿಂದು ನೆಲ ಕಾಣುತ್ತಿತ್ತು. ಮೇಲೆ ಬೊಟ್ಟು ಮಾತ್ರ ಕೆಂಪಾಗಿ, ಇವತ್ತೇ ಇಟ್ಟಂತೆ ಕೂತಿತ್ತು.

"ಆ ಸೀರೆ ತೂತು ನೋಡ್ದೆ ಸಾರ್," ಎಂದು ಮುನಿಕೃಷ್ಣ ಸೈಕಲ್ಲು ನಿಲ್ಲಿಸಿ ಹೇಳುತ್ತಾರೆ. "ನನ್ನ ಅಂಗೀಲಿ ಇರೋ ತೂತೇ ಅದು. ಇನ್ನೊಬ್ರ ಮೈಮೇಲೆ ಅದು ಬೀಳ್ಬಾರ್ದು ಅಂತ ಮಗೀನೂ ಎತ್ಕೊಳ್ದಲೇ ಇದೀನಿ ನಾನು. ಅಲ್ಲಿ ಹೋಗಿ ಬಿತ್ತು."

ಶಾಮಲಾ ಬೈಯಲಿಲ್ಲ. ಪಾಪಕ್ಕನೇ, "ನನ್ನ ಕೈಯಾರ ಆಯ್ತಲ್ಲೋ," ಎಂದು ಎರಡು ದಿನ ಊಟ ಬಿಟ್ಟರು. ಶಾಮಲಾ ತಗಡು, ಹಲಗೆ ಹೊಸದು ಹಾಕಿಸಿದರು. ಆಮೇಲೆ ಹೇಳಿದರು: ಶನಿವಾರ ಶನಿವಾರ ಕಾಲೇಜಿಗೆ ಇನ್ನು ಈ ಕಾರಿನಲ್ಲೇ ಹೋಗುತ್ತೇನೆ, ಅಪ್ಪ ಓಡಿಸಲು ಕಲಿಸಿದ್ದು ಷೆಡ್ಡಿನಲ್ಲಿ ನಿಲ್ಲಿಸುವುದಕ್ಕಲ್ಲ.

"ಬ್ಯಾಟರಿ ಮಾತ್ರ ನೀವು ಹೇಳಿದ್ದೇ ಹಾಕೋದು ಕೃಷ್ಣಣ್ಣ. ಇದನ್ನೇ ರಿಪೇರಿ ಮಾಡ್ತೀರೋ, ಹೊಸದು ತರ್ತೀರೋ, ನಿಮಗೆ ಬಿಟ್ಟಿದ್ದು," ಅಂದರು.

ಪಾಪ, ಆ ಹೆಣ್ಣುಮಗಳಿಗೆ ಏನು ಗೊತ್ತು ತಾನು ಎಂಥ ಇಕ್ಕಟ್ಟಿನಲ್ಲಿ ಈ ಮನುಷ್ಯನನ್ನು ನಿಲ್ಲಿಸಿದ್ದೇನೆಂದು. ಸೀಲು ಬಿಚ್ಚಿ ಮತ್ತೆ ಹಾಕಿದರೆ ಹಳೇ ಬ್ಯಾಟರಿಗಳು ಇನ್ನೂ ಎರಡು ಮೂರು ವರ್ಷ ಬಾಳುತ್ತಿದ್ದವು. ಗುರುವಾರ ಉಳಿಯುತ್ತಿತ್ತು, ಕುರ್ಚಿ ಉಳಿಯುತ್ತಿತ್ತು. ಸೀಲು ಮಾಡಿದ ಬ್ಯಾಟರಿ ತಂದರೆ ಮುಗಿಯಿತು. ಒಂದು ವಾರ ಮುನಿಕೃಷ್ಣ ಆ ಕಡೆ ತಲೆ ಹಾಕಲಿಲ್ಲ. ಅಂಗಡಿಯಲ್ಲಿ ಕೂತು, ಡಾಂಬರು ಕಾಯಿಸಿ, ಬಿಚ್ಚಿ ತಂದಿದ್ದ ಹಳೆಯದಕ್ಕೆ ಸೀಲು ಹಾಕಿಯೂ ನೋಡಿದರು. ಅಚ್ಚುಕಟ್ಟಾಗಿ ಕೂತಿತು. ಅದನ್ನು ಒಯ್ದುಕೊಟ್ಟು ಬಿಡೋಣ ಎಂದು ಒಂದು ದಿನ ಸೈಕಲ್ಲಿಗೆ ಕಟ್ಟಿಯೂ ಆಗಿತ್ತು.

"ಕಟ್ಟಿ ಬಿಚ್ಚಿದೆ. ಆ ಯಮ್ಮ ಒಬ್ಬಳೇ ಅಷ್ಟು ದೂರ ಓಡಿಸ್ತಾಳೆ. ಬೆನ್ನಿಂದೆ ನಾನ್ ಮಾಡಿದ್ ಆಸಿಡ್ ಪೆಟ್ಗೆ. ನನಗೆ ಮಾತಾಡಕ್ಕೆ ಜನ ಬೇಕು ಅಂತ ಅವಳ ಬೆನ್ನಿಂದೆ ಆಸಿಡ್ ಇಡಕ್ಕಾಗ್ತದಾ?"

ಸೋರಿದ್ದ ಬ್ಯಾಟರಿ ಮತ್ತೆ ತನ್ನ ಪೆಟ್ಟಿಗೆ ಸೇರಿತು, ಹೊಸದು ಬರುವತನಕ ಎಂದು. ಮುನಿಕೃಷ್ಣ ಬಿದಿರಿನ ಸಿಬಿರಿನಲ್ಲಿ ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಗುರುತು ಹಾಕಿಕೊಂಡು ಬೆಂಗಳೂರಿಗೆ ಹೋದರು. ಮೊದಲ ಅಂಗಡಿಯವನು ಸ್ಪೋರ್ಟ್ಸ್ ಕಾರು ಎಂಬ ಮಾತು ಕೇಳಿದ್ದೇ ತಡ, ಅಂಗಡಿಯಲ್ಲಿದ್ದುದರಲ್ಲೇ ದೊಡ್ಡದನ್ನು ಮುಂದಿಟ್ಟ. ಅದು ಪೆಟ್ಟಿಗೆಗೆ ಇಳಿಯುವುದಿಲ್ಲ. ಇನ್ನೊಂದು ಇಳಿಯುತ್ತದೆ, ಆದರೆ ಪ್ಲಸ್ ಆ ಕಡೆಗಿದೆ, ಕಾರಿನ ಗಿಡ್ಡ ವಯರು ಅಲ್ಲಿಗೆ ಎಟುಕುವುದಿಲ್ಲ. ಮತ್ತೊಂದು ಎಲ್ಲ ಸರಿಯಿತ್ತು, ತಯಾರಾದ ತಿಂಗಳು ನೋಡಿದರೆ ಗೋಡೌನಿನಲ್ಲೇ ವರ್ಷ ಕಳೆದ ಮಾಲು. ಕೊನೆಗೆ ಸಣ್ಣ ಕಾರುಗಳಿಗೆ ಹಾಕುವ ಹನ್ನೆರಡು ವೋಲ್ಟಿನ ಈ ಬ್ಯಾಟರಿ ಒಪ್ಪಿಗೆಯಾಯಿತು. ಒಂದೇ ಸಾಕು. ವಯರು ಕಟ್ಟುವ ಅದರ ಟರ್ಮಿನಲ್ಲುಗಳು ಸಣಕಲು, ಕಾರಿನ ಕ್ಲಾಂಪು ಸಡಿಲವಾಗುತ್ತದೆ. ಅದಕ್ಕಾಗಿ ನಿನ್ನೆ ಸೀಸ ಕರಗಿಸಿ ಎರಡು ಬಳೆ ಹೊಯ್ದು ಜೇಬಿನಲ್ಲಿಟ್ಟುಕೊಂಡಿದ್ದಾರೆ.

ಷೆಡ್ಡಿನಲ್ಲಿ ಶಾಮಲಾ ಕಾಲೇಜಿಗೆ ಹೊರಡುವ ಸೀರೆಯಲ್ಲೇ ನಿಂತಿದ್ದಾರೆ. ಪಾಪಕ್ಕ ಬಾಗಿಲಿಗೆ ಒರಗಿದ್ದಾರೆ.

"ಸ್ವಲ್ಪ ದೂರ ನಿಂತ್ಕೊಳಿ ಅಮ್ಮ, ಸೀರೆ," ಎನ್ನುತ್ತಾ ಮುನಿಕೃಷ್ಣ ಸೀಟು ಮುಂದಕ್ಕೆ ಮಡಚಿ ಹಲಗೆ ತೆಗೆಯುತ್ತಾರೆ. ಬಾಯಲ್ಲಿ ತಮಗೆ ತಾವೇ ಹೇಳಿಕೊಳ್ಳುವ ಮಾತು ಒಂದೇ: "ಮೈ ವಯರು ಮೊದಲು ಬಿಚ್ಚು, ಕೊನೇಲಿ ಕಟ್ಟು." ಗಾಡಿಯ ಮೈಗೆ ಕಟ್ಟಿದ ವಯರು ಬಿಚ್ಚಿದ ಮೇಲೆ ಸ್ಪಾನರು ಎಲ್ಲಿ ತಗುಲಿದರೂ ಕಿಡಿ ಹಾರುವುದಿಲ್ಲ. ಈ ಕಾರಿನಲ್ಲಿ ಅದು ಪ್ಲಸ್ಸಿನದು. ಅದನ್ನು ಬಿಚ್ಚಿ, ಬಟ್ಟೆ ಸುತ್ತಿ ಪಕ್ಕಕ್ಕಿಡುತ್ತಾರೆ. ಆಮೇಲೆ ಉಳಿದವು. ಒಂದೊಂದೇ ಬ್ಯಾಟರಿಯನ್ನು ಹಗ್ಗದ ಕುಣಿಕೆ ಹಾಕಿ, ಮಗುವನ್ನು ತೊಟ್ಟಿಲಿನಿಂದ ಎತ್ತುವಂತೆ ಅಲುಗಿಸದೆ ಮೇಲೆತ್ತುತ್ತಾರೆ. ಪೆಟ್ಟಿಗೆಯ ತಳವನ್ನು ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆಯುತ್ತಾರೆ. ಎಲ್ಲೋ ಉಳಿದಿದ್ದ ಆಸಿಡ್ ಚುಯ್ಯೆಂದು ನೊರೆ ಬಿಟ್ಟು ಸುಮ್ಮನಾಗುತ್ತದೆ.

"ಯಾವ ಪೆಟ್ಟಿಗೆಗೆ ಹಾಕ್ತೀರಿ?" ಎಂದು ಶಾಮಲಾ ಕೇಳುತ್ತಾರೆ.

"ಎಡಗಡೆಗೆ. ಮೈ ವಯರು ಇರೋದೂ ಅಲ್ಲೇ. ನೀವು ಬಲಗಡೆ ಕುಂತ್ಕೊತೀರಿ, ತೂಕ ಸರಿಹೋಗ್ತದೆ. ಪಕ್ಕದಲ್ಲಿ ಯಾರೂ ಇಲ್ದಿದ್ರೂ ಗಾಡಿ ವಾಲಲ್ಲ."

ಹೊಸ ಬ್ಯಾಟರಿ ಎಡ ಪೆಟ್ಟಿಗೆಗೆ ಇಳಿಯುತ್ತದೆ. ಅಲುಗದಂತೆ ಪಟ್ಟಿ ಬಿಗಿಯಾಗುತ್ತದೆ. ಎರಡು ಪೆಟ್ಟಿಗೆಗಳನ್ನು ಕೂಡಿಸುತ್ತಿದ್ದ ವಯರಿನ ಬಲತುದಿಯನ್ನು ಸ್ಟಾರ್ಟರಿನ ವಯರಿಗೆ ಬೋಲ್ಟು ಹಾಕಿ ಜೋಡಿಸಿ, ಮೇಲೆ ಸೈಕಲ್ ಟ್ಯೂಬು ಸುತ್ತುತ್ತಾರೆ. ಟರ್ಮಿನಲ್ಲಿಗೆ ಸೀಸದ ಬಳೆ ತೊಡಿಸಿ ಮೈನಸ್ ಕಟ್ಟುತ್ತಾರೆ. ಕೊನೆಗೆ ಮೈ ವಯರು, ಪ್ಲಸ್ಸಿಗೆ. ಕ್ಲಾಂಪಿನ ಮೇಲೆ ತೆಳ್ಳಗೆ ಗ್ರೀಸು. ಬಲಗಡೆಯ ಪೆಟ್ಟಿಗೆ ಖಾಲಿ ಉಳಿಯಿತು.

ಹಲಗೆ ಮುಚ್ಚುವ ಮೊದಲು ಮುನಿಕೃಷ್ಣ ತಿರುಗಿ ನೋಡುತ್ತಾರೆ. "ಪಾಪಕ್ಕ, ಒಂದು ಬೊಟ್ಟು ಇಡಕ್ಕ. ಮನೇದು."

"ಆಸಿಡ್ಡೇ ಆಚೆಗ್ ಬರಲ್ಲ ಅಂತೀಯ. ಮತ್ಯಾಕೆ ಇನ್ನ?"

"ಇರ್ಲಿ ಇಡಕ್ಕ."

ಪಾಪಕ್ಕ ಭರಣಿ ತಂದು ಬೊಟ್ಟು ಇಡುತ್ತಾರೆ. ಕೈ ಒರೆಸಿಕೊಳ್ಳುತ್ತಾ, ಯಾರಿಗೂ ಹೇಳದ ಹಾಗೆ ಹೇಳುತ್ತಾರೆ: "ಗುರುವಾರ ಹಾಲು ಒಂದು ಪಾವು ಜಾಸ್ತಿ ತಗೊಂತಿದ್ದೆ. ಹಾಲಿನವನಿಗೆ ಬೇಡ ಅಂತ ಹೇಳ್ಬೇಕು ಇನ್ನ." ಮುನಿಕೃಷ್ಣ ಹಲಗೆಯ ತಿರುಪು ಬಿಗಿಯುತ್ತಾರೆ. ಬಿಗಿಯಾದದ್ದನ್ನೇ ಇನ್ನೊಮ್ಮೆ ಬಿಗಿಯುತ್ತಾರೆ.

"ಈಗ ಹಾರನ್ ಹೊಡೀರಿ ಅಮ್ಮ."

ಬ್ಯಾಟರಿ ಹಾಕಿದ ಮೇಲೆ ಮುನಿಕೃಷ್ಣ ಮೀಟರು ನೋಡುವುದಕ್ಕಿಂತ ಮೊದಲು ಹಾರನ್ನು ಕೇಳುತ್ತಾರೆ. ದನಿ ಗಟ್ಟಿಯಾಗಿದ್ದು, ಎಳೆದಷ್ಟೂ ಹೊತ್ತು ಒಂದೇ ಸಮ ನಿಂತರೆ ಸರಿ. ಶಾಮಲಾ ಒತ್ತುತ್ತಾರೆ. ತೋಟದ ಕೊನೆಯ ತನಕ ಕೇಳುವ ದನಿ. ಎಂಜಿನ್ನು ಮೊದಲ ತಿರುವಿಗೇ ಹತ್ತಿಕೊಳ್ಳುತ್ತದೆ. ಇಷ್ಟು ಸಲೀಸಾಗಿ ಅದು ಯಾವತ್ತೂ ಹತ್ತಿಕೊಂಡಿರಲಿಲ್ಲ ಎಂದು ಮುನಿಕೃಷ್ಣನೇ ಒಪ್ಪುತ್ತಾರೆ.

ಆಮೇಲೆ ಕುರ್ಚಿ, ಕಾಫಿ, ರೊಟ್ಟಿ. ಸುದ್ದಿ ಎಂದಿನಷ್ಟೇ ಇತ್ತು, ಇಬ್ಬರೂ ಎಂದಿಗಿಂತ ನಿಧಾನವಾಗಿ ಹೇಳಿದರು. "ಸುಮ್ನೆ ಬಾರೋ ಯಾವಾಗಾದ್ರೂ," ಎಂದು ಪಾಪಕ್ಕ ಅಂದಾಗ ಮುನಿಕೃಷ್ಣ ಆಯಿತು ಎಂದು ತಲೆ ಆಡಿಸಿದರು. ಕೆಲಸವಿಲ್ಲದೆ ಇನ್ನೊಬ್ಬರ ಮನೆಗೆ ಹೋಗುವ ಅಭ್ಯಾಸ ಈ ಮನುಷ್ಯನಿಗಿಲ್ಲ, ಅದು ಪಾಪಕ್ಕನಿಗೂ ಗೊತ್ತು. ಹಳೇ ಬ್ಯಾಟರಿಗಳೆರಡನ್ನೂ ಕ್ಯಾರಿಯರಿಗೆ ಕಟ್ಟಿ, ಹುಣಸೆ ತೋಪಿನ ದಾರಿಯಲ್ಲಿ ಸೈಕಲ್ಲು ತಳ್ಳಿಕೊಂಡು ಹೊರಟರು. ಆ ಭಾರಕ್ಕೆ ಹತ್ತಿ ತುಳಿಯುವುದು ಆಗುವುದಿಲ್ಲ.

ಆ ಬ್ಯಾಟರಿಗಳು ಈಗ ಅಂಗಡಿಯ ಮೂಲೆಯಲ್ಲಿವೆ. ಕೆಟ್ಟಿಲ್ಲ. ಕರೆಂಟು ಹೋದಾಗ ಅವಕ್ಕೊಂದು ಸಣ್ಣ ಬಲ್ಬು ಸಿಕ್ಕಿಸಿಕೊಂಡು ಮುನಿಕೃಷ್ಣ ಊಟ ಮಾಡುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಕೈಯಲ್ಲಿನ ಕೆಲಸ ಪಕ್ಕಕ್ಕಿಡುತ್ತಾರೆ. ಕಂಬಳಿಯ ಮೇಲಿನ ಬಿಳಿ ಪುಡಿ ಒರೆಸುತ್ತಾರೆ.

"ಆ ಬ್ಯಾಟ್ರೀನೂ ಒಂದಿನ ಸಾಯ್ತದೆ. ಮೂರು ವರ್ಷಕ್ಕ, ನಾಲ್ಕು ವರ್ಷಕ್ಕ. ಆವತ್ತು ನನ್ನನ್ನೇ ಕರೀಬೇಕು ಅಂತ ಹೇಳಿ ಬಂದಿದೀನಿ. ಬೇರೆಯೋರು ಮೈನಸ್ನ ತಗೊಂಡೋಗಿ ಮೈಗೆ ಕಟ್ಬಿಡ್ತಾರೆ. ಅಷ್ಟೊತ್ತಿಗೆ ಈ ಕೆಲ್ಸ ಬಿಟ್ಟಿರ್ತೀನೇನೋ. ಬಿಟ್ಟಿದ್ರೆ ಕೈಯೆಲ್ಲ ಚೊಕ್ಕಟವಾಗಿರ್ತದೆ, ಹೊಸಕೋಟೆಗೆ ಹೋಗಿ ಮಗೀನ ಎತ್ಕೊಬೋದು," ಎನ್ನುತ್ತಾರೆ. ಆಮೇಲೆ ಮೊಮ್ಮಗಳಿಗೆ ಆಗ ಎಷ್ಟು ವಯಸ್ಸಾಗಿರುತ್ತದೆ ಎಂಬುದು ಅವರಿಗೇ ಹೊಳೆಯುತ್ತದೆ.

ಹಾಗಾದರೆ ಅದು ಬೇಗ ಸತ್ತರೆ ಒಳ್ಳೆಯದಲ್ಲವೇ ಎಂದು ತಮಾಷೆ ಮಾಡಿದರೆ ಮುಖ ಗಂಭೀರವಾಗುತ್ತದೆ. "ಛೇ, ಬಿಡ್ತು ಅನ್ನಿ. ನಾನ್ ಆರಿಸಿ ಕೂರ್ಸಿರೋದು ಅದು."

ಶನಿವಾರ ಬೆಳಿಗ್ಗೆ ಮತ್ತದೇ ಮಂಜು, ಅರ್ಧ ಎದ್ದ ಷಟರ್, ಗುಳುಗುಳು ಸದ್ದು. ದೊಡ್ಡ ರಸ್ತೆಯ ಕಡೆಯಿಂದ ಒಂದು ಹಾರನ್ ಕೇಳುತ್ತದೆ, ಗಟ್ಟಿಯಾಗಿ, ಎಳೆದಷ್ಟೂ ಹೊತ್ತು ಒಂದೇ ಸಮ. ಮುನಿಕೃಷ್ಣ ಎದ್ದು ಹೋಗಿ ನೋಡುವುದಿಲ್ಲ. ಕೈಯಲ್ಲಿ ಆಸಿಡ್ಡಿದೆ, ತೊಡೆಯ ಮೇಲೆ ಕಂಬಳಿಯಿದೆ. ಸದ್ದು ಚಿಕ್ಕಬಳ್ಳಾಪುರದ ಕಡೆ ತಿರುಗಿ ಪೂರ್ತಿ ಕರಗುವ ತನಕ ತಲೆಯೆತ್ತಿ ಕೂತಿರುತ್ತಾರೆ.

"ಕೇಳಿದ್ರಾ ದನಿ? ಚೆನ್ನಾಗಿ ಕುಂತೈತೆ," ಎನ್ನುತ್ತಾರೆ. ಮುಂದಿನ ಬ್ಯಾಟರಿಯ ಮುಚ್ಚಳ ತಿರುಗಿಸುತ್ತಾ, ಮೆಲ್ಲಗೆ ಸೇರಿಸುತ್ತಾರೆ: "ನಾನ್ ಮಾಡಿದ್ ಕೆಲ್ಸ ಸರಿಯಾಗಿದ್ರೆ, ಇನ್ನ ನಾಲ್ಕು ವರ್ಷ ಅವ್ರಿಗೆ ನನ್ನ ನೆಪ್ಪೇ ಬರ್ಬಾರ್ದು."